ನಗುತ್ತ ಕೂತವರ ಪಾಲು

ಗಂಡನನ್ನು ಕೊಲ್ಲಲು ಹೆಂಡತಿ ಹೊಂಚು ಹಾಕುವ ಕಥೆಗೆ ನಾವು ಹೊಟ್ಟೆ ಹಿಡಿದುಕೊಂಡು ನಗುತ್ತೇವೆ. ನಗಿಸಲೆಂದೇ ಮಾಡಿದ ಸಿನಿಮಾ, ನಕ್ಕರೆ ಪಾಪವಿಲ್ಲ. ಆದರೆ ನಕ್ಕು ಮುಗಿಸಿ, 'ಈ ಕೊರಿಯಾದವರಿಗೆ ಏನೇನು ಹುಚ್ಚು ಹೊಳೆಯುತ್ತದಪ್ಪಾ' ಎಂದು ಮೈಮುರಿದು ಎದ್ದುಹೋಗುತ್ತೇವಲ್ಲ, ನಮ್ಮ ಪಾಪದ ಲೆಕ್ಕ ಅಲ್ಲಿಂದ ಶುರುವಾಗುತ್ತದೆ. ಲೀ ವೊನ್‌ಸಕ್ ನಿರ್ದೇಶನದ 'ಕಿಲ್ಲಿಂಗ್ ರೊಮ್ಯಾನ್ಸ್' 2023ರ ಏಪ್ರಿಲ್‌ನಲ್ಲಿ ತೆರೆಕಂಡಾಗ ದಕ್ಷಿಣ ಕೊರಿಯಾದ ಪ್ರೇಕ್ಷಕರಲ್ಲಿ ಬಹಳ ಮಂದಿ ಇದೆಂಥ ತಲೆಕೆಟ್ಟ ಚಿತ್ರವೆಂದು ಮೂಗು ಮುರಿದರು. ಉಳಿದವರು ಚಿತ್ರಮಂದಿರದಲ್ಲೇ ದನಿಗೂಡಿಸಿ ಹಾಡುವ ವಿಶೇಷ ಪ್ರದರ್ಶನಗಳಿಗೆ ಮುಗಿಬಿದ್ದು ಅದನ್ನು ಮೆರೆಸಿದರು. ಮೂಗು ಮುರಿದವರೂ ಮೆರೆಸಿದವರೂ ಒಂದು ವಿಷಯದಲ್ಲಿ ಒಂದಾಗಿದ್ದರು. ಆ ಮದುವೆಯೊಳಗೆ ನಡೆಯುತ್ತಿದ್ದುದೇನು, ಅದು ಅಷ್ಟು ವರ್ಷ ಹೇಗೆ ನಡೆಯಿತು ಎಂಬ ಪ್ರಶ್ನೆಯನ್ನು ಇಬ್ಬರೂ ಬಣ್ಣದ ಕೆಳಗೆ ಹುಗಿದರು. ಉಪಶೀರ್ಷಿಕೆ ಓದುತ್ತ ದೂರದಲ್ಲಿ ಕೂತ ನಾವೂ ಮಾಡುವುದು ಅದನ್ನೇ.

ಕಥೆ ಸರಳವಾದದ್ದು. ಹ್ವಾಂಗ್ ಯೊರೆ ಎಂಬ ಮೇರು ತಾರೆಯ ಅಭಿನಯವನ್ನು ಇಡೀ ದೇಶ ಗೇಲಿ ಮಾಡುತ್ತದೆ. ಅವಮಾನ ತಾಳಲಾರದೆ ಅವಳು ದೂರದ ದ್ವೀಪವೊಂದಕ್ಕೆ ಓಡುತ್ತಾಳೆ. ಅಲ್ಲಿ ಸಿಕ್ಕ ಜೊನಾಥನ್ ನಾ ಎಂಬ ಸಿರಿವಂತನನ್ನು ಮದುವೆಯಾಗಿ ಸಿನಿಮಾ ಬಿಡುತ್ತಾಳೆ. ಏಳು ವರ್ಷಗಳ ನಂತರ ಗಂಡನೊಂದಿಗೆ ಕೊರಿಯಾಕ್ಕೆ ಮರಳಿದಾಗ ಅವಳು ಆತನ ಐಶ್ವರ್ಯದ ಜೊತೆ ಪ್ರದರ್ಶನಕ್ಕಿಟ್ಟ ಇನ್ನೊಂದು ವಸ್ತು. ಮತ್ತೆ ನಟಿಸಬೇಕೆಂಬ ಅವಳ ಆಸೆಗೆ ಆತ ಅಡ್ಡ ನಿಲ್ಲುತ್ತಾನೆ. ಗದರಿಸುವುದಕ್ಕಿಂತ ಹೆಚ್ಚಾಗಿ ಹಾಡಿ, ನಗಿಸಿ, ಮುದ್ದು ಮಾಡಿ ಅವಳನ್ನು ಹಿಡಿದಿಡುತ್ತಾನೆ. 1997ರಲ್ಲಿ ಎಚ್.ಒ.ಟಿ. ತಂಡ ಹಾಡಿ ಮನೆಮಾತಾದ 'ಹ್ಯಾಪಿನೆಸ್' ಎಂಬ ಹಾಡೇ ಆತನ ಬೇಡಿ. ಸುಖದ ಹೆಸರಿನ ಆ ರಾಗ ಶುರುವಾಯಿತೆಂದರೆ ಯೊರೆಯ ಮೈ ಮರಗಟ್ಟುತ್ತದೆ. ಈ ಸೆರೆಗೆ ನಿರ್ದೇಶಕ ತೊಡಿಸಿದ್ದು ಕಣ್ಣು ಕುಕ್ಕುವ ಬಣ್ಣ, ಮಕ್ಕಳ ಕಥೆಪುಸ್ತಕದ ಚೌಕಟ್ಟು, ಎಲ್ಲಿಂದಲೋ ಬರುವ ಉಷ್ಟ್ರಪಕ್ಷಿ, ಬಿಸಿಕೋಣೆಯಲ್ಲಿ ನಡೆಯುವ ಕೊಲೆಯತ್ನ. ಹೊಡೆತದ ಗುರುತು ಕಂಡರಷ್ಟೇ ಹಿಂಸೆಯೆಂದು ನಂಬುವ ನಮ್ಮ ಮುಂದೆ ಆತ ಗುರುತೇ ಬೀಳದ ಹಿಂಸೆಯನ್ನು ಸಿಂಗರಿಸಿ ನಿಲ್ಲಿಸಿದ. ನಾವು ಸಿಂಗಾರವನ್ನು ಮಾತ್ರ ನೋಡಿದೆವು.

ಅವಳನ್ನು ಆ ಮನೆಗೆ ದಬ್ಬಿದವರು ಯಾರು? ಜೊನಾಥನ್ ಬರುವ ಮೊದಲೇ ಅವಳ ಬೆನ್ನು ಮುರಿದದ್ದು ಪ್ರೇಕ್ಷಕರ ಗೇಲಿ. ಹೆಣ್ಣೊಬ್ಬಳು ಸೋತದ್ದನ್ನು ಚಪ್ಪರಿಸಿ ತಿಂದ ಸಮಾಜವೇ ಅವಳಿಗೆ 'ನಾನಿದ್ದೇನೆ' ಎಂದವನ ತೋಳು ಆಸರೆಯಾಗಿ ಕಾಣುವಂತೆ ಮಾಡಿತು. ಇದನ್ನು ಕಟ್ಟುಕಥೆ ಎಂದು ತಳ್ಳಿಹಾಕುವ ಧೈರ್ಯ ಯಾರಿಗೂ ಬೇಡ. ಜೊನಾಥನ್ ಪಾತ್ರ ಮಾಡಿದ್ದು 'ಪ್ಯಾರಸೈಟ್' ಚಿತ್ರದಿಂದ ಜಗತ್ತಿಗೆಲ್ಲ ಪರಿಚಿತರಾದ ಲೀ ಸನ್‌ಕ್ಯೂನ್. ಸಿನಿಮಾ ಬಿಡುಗಡೆಯಾಗಿ ಒಂದು ವರ್ಷ ತುಂಬುವ ಮೊದಲೇ ಮಾದಕವಸ್ತು ಆರೋಪದ ತನಿಖೆಗಾಗಿ ಅವರನ್ನು ಮತ್ತೆ ಮತ್ತೆ ಕ್ಯಾಮೆರಾಗಳ ನಡುವೆ ಪೊಲೀಸ್ ಠಾಣೆಗೆ ನಡೆಸಲಾಯಿತು. ಅವರ ಖಾಸಗಿ ಮಾತುಗಳು ಸುದ್ದಿಯಾದವು. ಯಾವ ಆರೋಪವೂ ನ್ಯಾಯಾಲಯದ ಮೆಟ್ಟಿಲೇರುವ ಮೊದಲೇ, 2023ರ ಡಿಸೆಂಬರ್ 27ರಂದು, ಅವರು ಶವವಾಗಿ ಸಿಕ್ಕರು. ಮರು ಜನವರಿಯಲ್ಲಿ 'ಪ್ಯಾರಸೈಟ್' ನಿರ್ದೇಶಕ ಬಾಂಗ್ ಜೂನ್‌ಹೋ ಮೊದಲಾದ ಕಲಾವಿದರು ಪತ್ರಿಕಾಗೋಷ್ಠಿ ಕರೆದು ತನಿಖೆ ಮತ್ತು ಸುದ್ದಿಯ ರೀತಿಯನ್ನೇ ಪ್ರಶ್ನಿಸಬೇಕಾಯಿತು. ಗೇಲಿ ಮನುಷ್ಯನನ್ನು ಎಲ್ಲಿಗೆ ಮುಟ್ಟಿಸುತ್ತದೆಂದು ಸಿನಿಮಾ ಮೊದಲ ಹತ್ತು ನಿಮಿಷಗಳಲ್ಲೇ ಹೇಳಿತ್ತು. ಕೇಳಿಸಿಕೊಳ್ಳಲು ಯಾರಿಗೂ ಪುರುಸೊತ್ತಿರಲಿಲ್ಲ.

ಹಿಂದೆ ಹೀಗಿತ್ತು, ಈಗ ಕಾಲ ಬದಲಾಗಿದೆ ಎಂಬ ಸಮಾಧಾನ ನಮಗೆ ಬಲು ಇಷ್ಟ. ಬದಲಾದದ್ದು ಎಷ್ಟೆಂದು ಅಳೆದು ನೋಡೋಣ. 1956ರಲ್ಲಿ ಹಾನ್ ಹ್ಯುಂಗ್‌ಮೊ 'ಮೇಡಂ ಫ್ರೀಡಂ' ಎಂಬ ಚಿತ್ರ ಮಾಡಿದರು. ಪ್ರಾಧ್ಯಾಪಕನ ಹೆಂಡತಿಯೊಬ್ಬಳು ಅಂಗಡಿಯಲ್ಲಿ ಕೆಲಸಕ್ಕೆ ಸೇರಿ, ನೃತ್ಯ ಕಲಿತು, ಹೊಸಿಲಾಚೆಯ ಗಾಳಿ ಸೇವಿಸುತ್ತಾಳೆ. ಕೊನೆಗೆ ಹಿಮ ಸುರಿಯುವ ರಾತ್ರಿ ಮನೆಯ ಮುಂದೆ ನಿಂತು ಕಣ್ಣೀರಿಟ್ಟು ಕ್ಷಮೆ ಬೇಡುತ್ತಾಳೆ. ಅದೇ ಹೊತ್ತಿಗೆ ಗಂಡನ ಮನಸ್ಸೂ ಟೈಪಿಸ್ಟ್ ಹುಡುಗಿಯೊಬ್ಬಳತ್ತ ವಾಲಿರುತ್ತದೆ; ಆತನಿಂದ ಯಾರೂ ಕ್ಷಮಾಪಣೆ ಕೇಳುವುದಿಲ್ಲ. ಈ ಕಥೆ 1954ರಲ್ಲಿ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬರುತ್ತಿದ್ದಾಗ ಕಾನೂನು ಪ್ರಾಧ್ಯಾಪಕರೊಬ್ಬರು ಇದು ಶತ್ರುಸೇನೆಯಷ್ಟೇ ಅಪಾಯಕಾರಿ ಎಂದು ಗುಡುಗಿದ್ದರು. ಆ ದೇಶದ ಕುಟುಂಬ ಕಾನೂನು ಗಂಡಸನ್ನೇ ಮನೆಯ ಯಜಮಾನನೆಂದು ದಾಖಲಿಸಿ, ಹೆಂಡತಿ ಮಕ್ಕಳನ್ನು ಆತನ ಹೆಸರಿನ ಕೆಳಗೆ ಬರೆಯುತ್ತಿತ್ತು. ಗಂಡ ಸತ್ತರೆ ಆ ಯಜಮಾನಿಕೆ ತಾಯಿಯನ್ನು ದಾಟಿ ಮಗನಿಗೆ ಹೋಗುತ್ತಿತ್ತು. ದೇಶದ ಮೊದಲ ಮಹಿಳಾ ವಕೀಲೆ ಲೀ ತೇಯಂಗ್ ಜೀವಮಾನವಿಡೀ ಈ ವ್ಯವಸ್ಥೆಯ ವಿರುದ್ಧ ಹೋರಾಡಿದರು. ಸಾಂವಿಧಾನಿಕ ನ್ಯಾಯಾಲಯ ಅದು ಸಂವಿಧಾನಬಾಹಿರವೆಂದು ಹೇಳಿದ್ದು 2005ರಲ್ಲಿ, ಅದು ಕಡತದಿಂದ ಅಳಿದದ್ದು 2008ರ ಜನವರಿಯಲ್ಲಿ. ಹೆಂಡತಿಯ ಮೇಲೆ ಗಂಡ ಎಸಗುವ ಅತ್ಯಾಚಾರವನ್ನು ಅಪರಾಧವೆಂದು ಎಣಿಸಲು 1970ರಲ್ಲಿ ನಿರಾಕರಿಸಿದ್ದ ಸುಪ್ರೀಂ ಕೋರ್ಟ್, ಕೂಡಿ ಬಾಳುತ್ತಿರುವ ದಂಪತಿಗಳ ವಿಷಯದಲ್ಲೂ ಅದು ಅಪರಾಧವೇ ಎಂದು ಒಪ್ಪಿದ್ದು 2013ರಲ್ಲಿ. ಹೆಂಡತಿಯ ಮೈ ಅವಳದೇ ಎಂದು ಒಪ್ಪಲು ಒಂದು ದೇಶಕ್ಕೆ ನಲವತ್ತಮೂರು ವರ್ಷ ಹಿಡಿಯಿತು. ಅಂದು ಹೆಂಡತಿ ಬಾಗಿಲ ಮುಂದೆ ಅತ್ತಳು, ಇಂದು ಬಾಗಿಲೊಳಗೆ ನಗುತ್ತ ನಿಂತಿದ್ದಾಳೆ. ಬಾಗಿಲ ಕೀಲಿ ಅಂದು ಯಾರ ಕೈಯಲ್ಲಿತ್ತೋ ಇಂದೂ ಬಹುಪಾಲು ಅವರ ಕೈಯಲ್ಲೇ ಇದೆ.

'ಕೊಲ್ಲುವುದಕ್ಕಿಂತ ವಿಚ್ಛೇದನ ಪಡೆಯಬಹುದಿತ್ತಲ್ಲ' ಎಂದು ಸೋಫಾದ ಮೇಲೆ ಒರಗಿ ಕೇಳುವುದು ಸುಲಭ. ಕೇಳುವವರಿಗೂ ಉತ್ತರ ಗೊತ್ತಿದೆ, ಗೊತ್ತಿಲ್ಲದವರಂತೆ ನಟಿಸುವುದು ಹಿತ. ಕೊರಿಯಾದ ಕೌಟುಂಬಿಕ ಹಿಂಸೆಯ ವಿಶೇಷ ಕಾನೂನು 1998ರ ಜುಲೈನಲ್ಲಿ ಜಾರಿಗೆ ಬಂತು. ಅದರ ಮೊದಲ ಕಲಮಿನ ಉದ್ದೇಶದಲ್ಲೇ ಮುರಿದ ಮನೆಯ ಶಾಂತಿ ಮತ್ತು ಸ್ಥಿರತೆಯನ್ನು ಮರಳಿ ತರುವ ಮಾತಿದೆ. ಪೆಟ್ಟು ತಿಂದವಳಿಗಿಂತ ಮನೆಯೇ ದೊಡ್ಡದಾಯಿತೇ ಎಂದು ಅಲ್ಲಿನ ಮಹಿಳಾ ಸಂಘಟನೆಗಳು ವರ್ಷಗಳಿಂದ ಕೇಳುತ್ತಿವೆ. ಹೊಡೆದವನನ್ನು ಕ್ರಿಮಿನಲ್ ವಿಚಾರಣೆಯ ಬದಲು 'ಮನೆ ರಕ್ಷಣೆ'ಯ ಪ್ರಕರಣವಾಗಿ ಪರಿಗಣಿಸಿ, ಉಪದೇಶ ಮಾಡಿ ಕಳಿಸಲು ಕಾನೂನಿನಲ್ಲಿ ದಾರಿಯಿದೆ. ಸಾಮಾನ್ಯ ಹಲ್ಲೆಯಲ್ಲಿ 'ಶಿಕ್ಷೆ ಬೇಡ' ಎಂದು ಪೆಟ್ಟು ತಿಂದವರು ಹೇಳಿದರೆ ಕ್ರಿಮಿನಲ್ ಮೊಕದ್ದಮೆ ಅಲ್ಲಿಗೇ ನಿಲ್ಲುತ್ತದೆ. ಅದೇ ಸೂರಿನಡಿ ಅದೇ ಗಂಡನೊಂದಿಗೆ ರಾತ್ರಿ ಕಳೆಯಬೇಕಾದವಳ ಬಾಯಿಂದ ಬೇರೆ ಯಾವ ಮಾತು ಬಂದೀತು? ಹೊಡೆಯದೆ, ಹಣ ಗೆಳೆತನ ಕೆಲಸಗಳನ್ನು ಒಂದೊಂದಾಗಿ ಕಸಿದುಕೊಂಡು ಉಸಿರುಕಟ್ಟಿಸುವ ಗಂಡನ ನಡತೆಯನ್ನು ಇಂಗ್ಲೆಂಡ್ ಮತ್ತು ವೇಲ್ಸ್ 2015ರ ಕಾನೂನಿನಲ್ಲಿ ಪ್ರತ್ಯೇಕ ಅಪರಾಧವಾಗಿಯೇ ಬರೆದವು. ಐದು ವರ್ಷದವರೆಗೆ ಸೆರೆವಾಸ. ಜೊನಾಥನ್ ಮಾಡಿದ್ದು ಅಚ್ಚು ಅದನ್ನೇ. ಅದಕ್ಕೆ ಆತನ ನಾಡಿನ ಜನ ಇಟ್ಟ ಹೆಸರು ಪ್ರೀತಿ.

ಸಿನಿಮಾದಲ್ಲಿ ಗಂಡನನ್ನು ಕೊಲ್ಲುವ ಯತ್ನಗಳು ಒಂದರ ಹಿಂದೊಂದು ಹಾಸ್ಯಾಸ್ಪದವಾಗಿ ಕೆಡುತ್ತವೆ. ನಿಜಜೀವನದಲ್ಲಿ ಸಾಯುವವರು ಬೇರೆ. 2018ರ ಅಕ್ಟೋಬರ್‌ನಲ್ಲಿ ಸೋಲ್ ನಗರದ ಗಾಂಗ್‌ಸೊ ಪ್ರದೇಶದಲ್ಲಿ ಒಬ್ಬ ಹೆಂಗಸನ್ನು ಅವಳ ಮಾಜಿ ಗಂಡ ಇರಿದು ಕೊಂದ. ವಿಚ್ಛೇದನವಾಗಿತ್ತು. ಆತನ ಕಣ್ತಪ್ಪಿಸಲು ನಾಲ್ಕು ವರ್ಷಗಳಲ್ಲಿ ಆರು ಸಲ ಮನೆ ಬದಲಿಸಿದ್ದಳು. ಆತ ಅವಳ ಕಾರಿಗೆ ಜಿಪಿಎಸ್ ಅಂಟಿಸಿ ಪತ್ತೆಹಚ್ಚಿದ್ದ. ಹೆಣ್ಣುಮಕ್ಕಳು ಅಪ್ಪನಿಗೆ ಮರಣದಂಡನೆ ಕೊಡಿ ಎಂದು ಅಧ್ಯಕ್ಷರ ಕಚೇರಿಗೆ ಮನವಿ ಸಲ್ಲಿಸಿದಾಗ ದೇಶ ಬೆಚ್ಚಿಬಿದ್ದು ಕಣ್ಣುಜ್ಜಿಕೊಂಡಿತು. ಬೆಚ್ಚುವುದಕ್ಕೆ ಅದರಲ್ಲಿ ಹೊಸದೇನಿತ್ತು? 1983ರಿಂದ ದುಡಿಯುತ್ತಿರುವ ಕೊರಿಯಾ ವಿಮೆನ್ಸ್ ಹಾಟ್‌ಲೈನ್ ಎಂಬ ಸಂಸ್ಥೆ ಗಂಡ ಅಥವಾ ಪ್ರಿಯಕರನ ಕೈಯಲ್ಲಿ ಸತ್ತ ಹೆಂಗಸರ ಲೆಕ್ಕವನ್ನು 2009ರಿಂದ ಪ್ರತಿವರ್ಷ ಪತ್ರಿಕಾ ವರದಿಗಳಿಂದ ಹೆಕ್ಕಿ ಪ್ರಕಟಿಸುತ್ತ ಬಂದಿದೆ. ಸರ್ಕಾರ ಇಡಬೇಕಾದ ಲೆಕ್ಕವನ್ನು ಇಡದೆ ಹೋದದ್ದಕ್ಕೆ ಈ ಕೆಲಸ ಸ್ವಯಂಸೇವಕರ ಪಾಲಿಗೆ ಬಂತು. ದಕ್ಷಿಣ ಕೊರಿಯಾ ಜಗತ್ತಿಗೆ ಫೋನು, ಕಾರು, ಹಡಗುಗಳನ್ನು ಲೆಕ್ಕವಿಟ್ಟು ಕಳಿಸುವ ದೇಶ.

ಈಗ ನಮ್ಮ ಸರದಿ. ಬೆಂಗಳೂರಿನಲ್ಲಿ, ಮೈಸೂರಿನಲ್ಲಿ, ಹುಬ್ಬಳ್ಳಿಯಲ್ಲಿ ಕೂತು ರಾತ್ರಿಯಿಡೀ ಕೊರಿಯನ್ ಧಾರಾವಾಹಿ ನೋಡುವ ನಾವು ಅಲ್ಲಿಂದ ಆರಿಸಿಕೊಂಡದ್ದೇನು? ಮಾತಾಡುತ್ತಿರುವ ಹುಡುಗಿಯ ಮಣಿಕಟ್ಟು ಹಿಡಿದು ದರದರನೆ ಎಳೆದೊಯ್ಯುವ ಶ್ರೀಮಂತ ನಾಯಕನಿಗೆ ನಾವು ಮನಸೋತೆವು. 2009ರ 'ಬಾಯ್ಸ್ ಓವರ್ ಫ್ಲವರ್ಸ್' ಧಾರಾವಾಹಿಯ ನಾಯಕ ಬಡ ಹುಡುಗಿಯೊಬ್ಬಳನ್ನು ಇಡೀ ಶಾಲೆಯ ಕೈಯಲ್ಲಿ ಹಿಂಸಿಸುವುದರಿಂದಲೇ ಪ್ರೇಮಕಥೆ ಆರಂಭಿಸುತ್ತಾನೆ. ಅವನನ್ನು ನಮ್ಮ ಹದಿಹರೆಯದ ಮಕ್ಕಳು ಗೋಡೆಗೆ ಅಂಟಿಸಿಕೊಂಡರು, ಮಕ್ಕಳ ಆಸೆಗೆ ನಾವು ಕಾಸು ಕೊಟ್ಟೆವು. ಅಸೂಯೆಯನ್ನು ಕಾಳಜಿಯೆಂದೂ ಕಾವಲನ್ನು ರಕ್ಷಣೆಯೆಂದೂ ನೂರು ಕಂತುಗಳಲ್ಲಿ ಕಲಿತವರ ಮುಂದೆ 'ಕಿಲ್ಲಿಂಗ್ ರೊಮ್ಯಾನ್ಸ್' ಬಂದು ನಿಂತು, ಆ ನಾಯಕ ಮದುವೆಯಾದ ಏಳು ವರ್ಷಕ್ಕೆ ಹೀಗಿರುತ್ತಾನೆ ನೋಡಿ ಎಂದಿತು. ನಮಗದು ವಿಚಿತ್ರವಾಗಿ ಕಂಡಿತು! ನೂರು ಕಂತುಗಳ ಸುಳ್ಳು ಸಹಜ, ಎರಡು ಗಂಟೆಯ ಸತ್ಯ ವಿಚಿತ್ರ.

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತೇವೆ ನಾವು. ದಂಪತಿಗಳ ಜಗಳ ಕತ್ತಿಯಿಂದ ನೀರು ಕಡಿದ ಹಾಗೆ ಎನ್ನುತ್ತಾರೆ ಕೊರಿಯಾದವರು. ಸಾವಿರಾರು ಮೈಲಿ ದೂರದ ಎರಡು ಸಮಾಜಗಳು ಒಂದೇ ನೆಪವನ್ನು ಗಾದೆ ಮಾಡಿಕೊಂಡು ನಿಶ್ಚಿಂತೆಯಾಗಿ ನಿದ್ದೆ ಹೋದವು. ಈ ನಿದ್ದೆಗೆ ನಮ್ಮಲ್ಲಿ ಕಾನೂನಿನ ನೆಪವೂ ಇಲ್ಲ. ನಮ್ಮ 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಮಾತಿನ ಹಿಂಸೆ, ಮನಸ್ಸಿನ ಹಿಂಸೆ, ಹಣದ ಹಿಂಸೆ ಮೂರನ್ನೂ ಹೆಸರಿಟ್ಟು ಗುರುತಿಸಿದೆ. ಸಂಬಳದ ಎಟಿಎಂ ಕಾರ್ಡು ಗಂಡನ ಕಿಸೆಯಲ್ಲಿರುವುದು ಹಿಂಸೆಯೆಂದು ಓದಿದ ಅಪ್ಪ ಅಮ್ಮಂದಿರೇ, ಮಗಳು ತವರಿಗೆ ಬಂದು ಬಾಯಿ ಬಿಟ್ಟಾಗ 'ಹೊಡೆಯುವುದಿಲ್ಲವಲ್ಲ, ಕುಡಿಯುವುದಿಲ್ಲವಲ್ಲ, ಸ್ವಲ್ಪ ಹೊಂದಿಕೊಂಡು ಹೋಗಮ್ಮ' ಎಂದು ಬಸ್ಸು ಹತ್ತಿಸುತ್ತೇವೆ. ಮಗಳ ಬಾಳಿಗಿಂತ ಬೀಗರ ಮುಂದಿನ ಮರ್ಯಾದೆ ನಮಗೆ ಹೆಚ್ಚು ತೂಗುತ್ತದೆ, ಮತ್ತು ಹಾಗೆ ತೂಗುತ್ತದೆಂದು ಒಪ್ಪಿಕೊಳ್ಳುವ ಪ್ರಾಮಾಣಿಕತೆಯೂ ನಮ್ಮಲ್ಲಿ ಉಳಿದಿಲ್ಲ.

ಈ ಸಿನಿಮಾದಲ್ಲಿ ಯೊರೆಯ ಸಂಕಟ ಕಂಡವನು ಒಬ್ಬನೇ. ಪಕ್ಕದ ಮನೆಯ ಬಮ್‌ವೂ. ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆಗೆ ನಾಲ್ಕನೆಯ ಸಲ ಓದುತ್ತಿರುವ, ಮನೆಯವರ ಕಣ್ಣಿಗೆ ಅಯೋಗ್ಯನಾದ ಹುಡುಗ. ಪರೀಕ್ಷೆಯ ದಿನ ವಿಮಾನಗಳ ಹಾರಾಟವನ್ನೇ ತಡೆಹಿಡಿಯುವ ದೇಶದಲ್ಲಿ ಅಂಥವನಿಗೆ ಯಾವ ಬೆಲೆಯೂ ಇಲ್ಲ. ಗೆದ್ದವರು, ನೆಲೆ ಕಂಡವರು, ಜೊನಾಥನ್‌ನ ಔತಣಕ್ಕೆ ಬಂದವರು ಯಾರಿಗೂ ಕಾಣದ್ದು ಇವನಿಗೆ ಕಂಡಿತು. ಕಾಣುವುದರಿಂದ ಕಳೆದುಕೊಳ್ಳುವಂಥದ್ದು ಅವನ ಬಳಿ ಏನೂ ಇರಲಿಲ್ಲ. ಯೊರೆಯ ಹಳೆಯ ಅಭಿಮಾನಿ ಬಳಗ ಗಾಯಕ ರೇನ್‌ನ 'ರೇನಿಸಂ' ಹಾಡಿಗೆ ಅವಳ ಹೆಸರು ಸೇರಿಸಿ ಒಟ್ಟಾಗಿ ಹಾಡಿದಾಗ ಗಂಡನ ಹಾಡಿನ ಕಟ್ಟು ಸಡಿಲುತ್ತದೆ. ಒಬ್ಬಳನ್ನು ಸೆರೆಯಿಂದ ಬಿಡಿಸಲು ಕೊಲೆ ಬೇಕಿರಲಿಲ್ಲ, ಜನ ಬೇಕಿತ್ತು. ನಿರ್ದೇಶಕ ಇದನ್ನು ನಗೆಯೊಳಗೆ ಅಡಗಿಸಿದ್ದು, ನೇರವಾಗಿ ಹೇಳಿದರೆ ನಾವು ಎದ್ದುಹೋಗುತ್ತೇವೆಂದು ಬಲ್ಲ ಕಾರಣಕ್ಕೆ ಇರಬೇಕು.

ನಮ್ಮ ಬಳಿ ಕಳೆದುಕೊಳ್ಳುವಂಥದ್ದು ಬಹಳವಿದೆ. ಅಪಾರ್ಟ್‌ಮೆಂಟಿನ ಸೌಹಾರ್ದ, ನೆಂಟರ ಮನೆಯ ಊಟ, ಆಫೀಸಿನ ಸ್ನೇಹ, ಭಾನುವಾರದ ನೆಮ್ಮದಿ. ಇವನ್ನು ಕಾಪಾಡಿಕೊಳ್ಳಲು ನಾವು ತೆತ್ತದ್ದು ಇನ್ನೊಬ್ಬಳ ಆಯುಷ್ಯವನ್ನು. ಗೋಡೆಯಾಚೆ ಮಾತು ನಿಂತುಹೋದ ಹೆಂಗಸು ಯಾರೆಂದು ನಮಗೆ ಗೊತ್ತು. ಪ್ರತಿ ಸಮಾರಂಭದಲ್ಲೂ ಗಂಡನ ಮುಖ ನೋಡಿಯೇ ಉತ್ತರಿಸುವ ಅತ್ತಿಗೆ ಯಾರು, ಮದುವೆಯಾದ ಮೇಲೆ ಹಾಡು ಬಿಟ್ಟ ಗೆಳತಿ ಯಾರು, ಫೋನಿನಲ್ಲಿ 'ಆಮೇಲೆ ಮಾಡ್ತೀನಿ' ಎಂದು ಇಟ್ಟವಳು ಮತ್ತೆಂದೂ ಮಾಡದ ಸಹೋದ್ಯೋಗಿ ಯಾರು, ಎಲ್ಲವೂ ಗೊತ್ತು. ಗೊತ್ತಿದ್ದೂ ಕೇಳದವರು ಸಾಕ್ಷಿಗಳಲ್ಲ, ಪಾಲುದಾರರು. ಅವರ ಮನೆಗೆ ಹೋಗಬೇಕು, ಗಂಡ ಇಲ್ಲದ ಹೊತ್ತು ನೋಡಿ ಕೇಳಬೇಕು, ಮೊದಲ ಸಲ 'ಏನಿಲ್ಲ' ಎಂದರೆ ಎರಡನೆಯ ಸಲ ಕೇಳಬೇಕು. ಬರುತ್ತೇನೆಂದರೆ ಇರಲು ಕೋಣೆ, ಕೈಗೆ ಕಾಸು, ಜೊತೆಗೆ ವಕೀಲರ ಬಳಿ ಹೋಗಲು ಒಂದು ದಿನದ ರಜೆ ಕೊಡಬೇಕು. ಇದಿಷ್ಟೂ ನಮ್ಮ ಕೈಲಾಗುವ ಕೆಲಸ. ಕೈಲಾಗುವುದನ್ನು ಮಾಡದೆ ಬಿಟ್ಟು, ನಾಳೆ ಅವಳ ಹೆಸರು ಪತ್ರಿಕೆಯಲ್ಲಿ ಬಂದಾಗ 'ಛೇ, ಒಂದು ಮಾತು ಹೇಳಬಾರದಿತ್ತೇ' ಎಂದು ಲೊಚಗುಟ್ಟುವ ಹಕ್ಕು ನಮಗಿಲ್ಲ. ಅವಳು ಹೇಳಿದ್ದಳು. ನಾವು ನಗುತ್ತಿದ್ದೆವು.