ಮಾದರಿ ಲಾರಿಗೂ ಇಸವಿ ಬೇಕು

ಪ್ರದರ್ಶನದ ಮೇಜಿನ ಮೇಲೊಂದು ಮಾದರಿ ಲಾರಿ ಇದೆ ಎಂದುಕೊಳ್ಳಿ. ಮೂತಿಯಲ್ಲಿ ಬೆಂಜ್ ನಕ್ಷತ್ರ, ಕೆಳಗೆ ಹಳದಿ ನಂಬರ್ ಪ್ಲೇಟು, ಬಾಗಿಲ ಮೇಲೆ ‘ಚಿಕ್ಕಬಳ್ಳಾಪುರ ಜಿಲ್ಲೆ’, ಪಕ್ಕದಲ್ಲಿ ‘1965ರ ಲಾರಿ’ ಎಂಬ ಚೀಟಿ. ಕೈಕೆಲಸ ಎಷ್ಟೇ ನಾಜೂಕಾಗಿದ್ದರೂ ಆ ಚೀಟಿ ಸುಳ್ಳು. 1965ರಲ್ಲಿ ನಕ್ಷತ್ರ ಇತ್ತು, ನಿಜ. ಆದರೆ ಬಾಡಿಗೆ ವಾಹನಗಳಿಗೆ ಹಳದಿ ಪ್ಲೇಟು ಬಂದದ್ದು 2000ದ ದಶಕದ ಆರಂಭದಲ್ಲಿ. ಚಿಕ್ಕಬಳ್ಳಾಪುರ ಜಿಲ್ಲೆ ಹುಟ್ಟಿದ್ದೇ 2007ರಲ್ಲಿ. ಅಲ್ಲಿಯವರೆಗೆ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ನಾಲ್ಕೂ ಕೋಲಾರ ಜಿಲ್ಲೆಯ ತಾಲ್ಲೂಕುಗಳಾಗಿದ್ದವು.

ಇದನ್ನು ಹವ್ಯಾಸಿಗಳ ಹಟ ಎಂದು ತಳ್ಳಿಹಾಕುವಂತಿಲ್ಲ. ಹಳೆಯ ಲಾರಿಗಳು ಒಂದೊಂದಾಗಿ ತೂಕದ ಲೆಕ್ಕದಲ್ಲಿ ಗುಜರಿಗೆ ಹೋಗುತ್ತಿವೆ. ನಾಳಿನ ಮಕ್ಕಳಿಗೆ ಈ ಸೀಮೆಯ ಲಾರಿ ಹೇಗಿತ್ತು ಎಂದು ತೋರಿಸಲು ಉಳಿಯುವುದು ಒಂದಷ್ಟು ಫೋಟೊ, ಒಂದಷ್ಟು ಮಾದರಿ ಮಾತ್ರ. ಆ ಮಾದರಿಯೇ ತಪ್ಪು ಹೇಳಿದರೆ ತಿದ್ದಲು ಅಸಲಿ ವಾಹನ ಇರುವುದಿಲ್ಲ.

ಪ್ಲಾಸ್ಟಿಕ್ ಕಿಟ್‌ಗಳ ಸಂಪ್ರದಾಯ ಬಲವಾಗಿರುವ ದೇಶಗಳಲ್ಲೂ ಈ ತಕರಾರು ತೀರಿಲ್ಲ. ಕಿಟ್ ಕಂಪನಿಗಳು ಒಮ್ಮೆ ಮಾಡಿದ ಅಚ್ಚನ್ನು ದಶಕಗಟ್ಟಲೆ ಬಳಸುತ್ತವೆ. ಡಬ್ಬಿಯ ಚಿತ್ರ ಬದಲಾಗುತ್ತದೆ, ಅಂಟಿಸುವ ಬರಹ ಬದಲಾಗುತ್ತದೆ, ಒಳಗಿನ ಲಾರಿ ಅದೇ ಇರುತ್ತದೆ. ಡಬ್ಬಿಯ ಮೇಲಿನ ಇಸವಿ ಅಚ್ಚಿನದೋ ಮುದ್ರಣದ್ದೋ ಆಗಿರುತ್ತದೆಯೇ ಹೊರತು ಲಾರಿಯದ್ದಲ್ಲ. ಸ್ಪೀಲ್‌ಬರ್ಗ್ ಅವರ 1971ರ ‘ಡ್ಯುಯೆಲ್’ ಚಿತ್ರದಲ್ಲಿ ಕಾರನ್ನು ಬೆನ್ನಟ್ಟುವ ಲಾರಿ 1955ರ ಪೀಟರ್‌ಬಿಲ್ಟ್ 281. ಎಎಂಟಿ ಕಂಪನಿಯ ಹೆಸರಾಂತ ಕಿಟ್ ಪೀಟರ್‌ಬಿಲ್ಟ್ 359ರದ್ದು, ಆ ಲಾರಿ ರಸ್ತೆಗಿಳಿದದ್ದು 1967ರಲ್ಲಿ. 359ರ ಕಿಟ್ಟಿಗೆ ಕಂದು ಬಣ್ಣ ಬಳಿದು ಸಿನಿಮಾದ ಲಾರಿ ಎಂದರೆ ಹನ್ನೆರಡು ವರ್ಷದ ಅಂತರವನ್ನು ಬಣ್ಣದಲ್ಲಿ ಮುಚ್ಚಿದಂತಾಗುತ್ತದೆ.

ನಮ್ಮ ಸಮಸ್ಯೆ ಬೇರೆ. ಇಟಲೇರಿ, ರೆವೆಲ್, ತಮಿಯಾ ಕಂಪನಿಗಳ ಡಬ್ಬಿಗಳಲ್ಲಿ ಟಾಟಾ 1210 ಆಗಲಿ, ಲೇಲ್ಯಾಂಡ್ ಕಾಮೆಟ್ ಆಗಲಿ ಸಿಗುವುದಿಲ್ಲ. ಇಲ್ಲಿನ ಹುಡುಗರು ಸನ್‌ಬೋರ್ಡ್, ಫೋಮ್ ಶೀಟು ಕತ್ತರಿಸಿ, ಅಂಟಿಸಿ, ಬಣ್ಣ ಹೊಡೆದು ಲಾರಿ ಕಟ್ಟುತ್ತಾರೆ. ಅವರ ಮುಂದೆ ಕಂಪನಿಯ ನಕ್ಷೆ ಇರುವುದಿಲ್ಲ. ಹಾಗಾಗಿ ಯಾವ ವರ್ಷದ ಲಾರಿ ಎಂದು ನಿರ್ಧರಿಸುವ ಹೊಣೆ ಪೂರ್ತಿ ಕಟ್ಟುವವರ ಮೇಲೆಯೇ ಬೀಳುತ್ತದೆ. ಅದಕ್ಕೆ ಬೇಕಾದ ಸುಳಿವುಗಳು ಧಾರಾಳವಾಗಿಯೇ ಇವೆ.

ಮೊದಲನೆಯದು ಚಾಸಿ. ಟಾಟಾ ಸಮೂಹದ ಟೆಲ್ಕೊ ಮತ್ತು ಡೈಮ್ಲರ್-ಬೆಂಜ್ ಒಪ್ಪಂದದ ಲಾರಿಗಳು ಜಮ್‌ಶೆಡ್‌ಪುರದಿಂದ ಹೊರಬಂದದ್ದು 1954ರಲ್ಲಿ. ಒಪ್ಪಂದ ಮುಗಿದದ್ದು 1969ರಲ್ಲಿ. ಆಮೇಲೆ ನಕ್ಷತ್ರದ ಜಾಗಕ್ಕೆ ಟಾಟಾದ ‘ಟಿ’ ಬಂತು. ಮಾಡೆಲ್ ಸಂಖ್ಯೆಯೂ ಮಾತಾಡುತ್ತದೆ. 1210 ಎಂದರೆ ಸ್ಥೂಲವಾಗಿ 12 ಟನ್ ಒಟ್ಟು ತೂಕ, 100 ಅಶ್ವಶಕ್ತಿ. 1613 ಎಂದರೆ 16 ಟನ್, 130 ಅಶ್ವಶಕ್ತಿ. ಟಾಟಾ 407 ಬಂದದ್ದು 1986ರಲ್ಲಿ. 1980ರ ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆ ಎಂದು ದೃಶ್ಯ ಕಟ್ಟಿ ಅದರಲ್ಲಿ 407 ನಿಲ್ಲಿಸುವಂತಿಲ್ಲ. 2005ರಲ್ಲಿ ಬಂದ ಟಾಟಾ ಏಸ್ ಅಂತೂ ದೂರದ ಮಾತು. ಲೇಲ್ಯಾಂಡ್ ವಿಷಯದಲ್ಲಿ ನೆನಪಿಡಬೇಕಾದದ್ದು 1955: 1948ರ ಅಶೋಕ್ ಮೋಟಾರ್ಸ್ ಆ ವರ್ಷ ಅಶೋಕ್ ಲೇಲ್ಯಾಂಡ್ ಆಯಿತು.

ಆದರೆ ಚಾಸಿಯ ಇಸವಿಯೊಂದೇ ಸಾಲದು. ವಿದೇಶಿ ಕಿಟ್‌ನ ಲೆಕ್ಕ ನಮ್ಮಲ್ಲಿ ಕೈಕೊಡುವುದು ಇಲ್ಲಿಯೇ. ನಮ್ಮ ಎಷ್ಟೋ ಲಾರಿಗಳು ಕಾರ್ಖಾನೆಯಿಂದ ಬರುತ್ತಿದ್ದುದು ಬರೀ ಚಾಸಿಯಾಗಿ. ಎಂಜಿನ್, ಸ್ಟೇರಿಂಗು, ಮುಂದಿನ ಮೂತಿ ಅಷ್ಟೇ. ಮರ, ತಗಡು ಸೇರಿಸಿ ಕ್ಯಾಬಿನ್ನನ್ನೂ ಹಿಂದಿನ ತೊಟ್ಟಿಯನ್ನೂ ಕಟ್ಟುತ್ತಿದ್ದವರು ಬಾಡಿ ಬಿಲ್ಡಿಂಗ್ ಶೆಡ್ಡಿನ ಬಡಗಿಗಳು, ವೆಲ್ಡರುಗಳು, ಪೇಂಟರುಗಳು. ಹತ್ತು ವರ್ಷ ಓಡಿದ ಮೇಲೆ ಅದೇ ಚಾಸಿಯ ಮೇಲೆ ಹೊಸ ಬಾಡಿ ಕೂರುತ್ತಿತ್ತು. 1985ರ ಚಾಸಿ, 1996ರ ಬಾಡಿ ಒಂದೇ ಲಾರಿಯಲ್ಲಿ ಇರಬಹುದು. ಆರ್‌ಸಿ ಪುಸ್ತಕ ತಯಾರಿಕೆಯ ಇಸವಿ ಹೇಳುತ್ತದೆ. ಬಾಡಿಯ ವಯಸ್ಸು ಹೇಳುವುದು ಶೆಡ್ಡಿನವರ ನೆನಪು ಮತ್ತು ಮಾಲೀಕರ ಮನೆಯ ಫೋಟೊ. ಹಾಗಾಗಿ ನಮ್ಮ ಮಾದರಿಗಳಿಗೆ ಒಂದಲ್ಲ, ಎರಡು ಇಸವಿ ಬೇಕು.

ಅಳತೆಯೂ ಸಾಕ್ಷಿಯೇ. 4,225 ಮಿ.ಮೀ. ವೀಲ್‌ಬೇಸಿನ 1613 ಅನ್ನು 24ರಲ್ಲಿ ಒಂದರ ಪ್ರಮಾಣಕ್ಕೆ ಇಳಿಸಿದರೆ ಎರಡು ಆಕ್ಸಲ್‌ಗಳ ನಡುವೆ 176 ಮಿ.ಮೀ. ಬರಬೇಕು. 9.00-20 ಟೈರು ಅದೇ ಪ್ರಮಾಣದಲ್ಲಿ ಸುಮಾರು 42 ಮಿ.ಮೀ. ಎತ್ತರ, 10.00-20 ಟೈರು ಸುಮಾರು 44. ವ್ಯತ್ಯಾಸ ಎರಡು ಮಿಲಿಮೀಟರಿನ ಆಸುಪಾಸು. ಆದರೂ ಹಳೆಯ ಫೋಟೊದ ಪಕ್ಕ ಮಾದರಿ ಇಟ್ಟಾಗ, ಮಡ್‌ಗಾರ್ಡಿಗೂ ಟೈರಿಗೂ ನಡುವಿನ ಸಂದಿ ಕಣ್ಣಿಗೆ ಬಿದ್ದೇ ಬೀಳುತ್ತದೆ.

ನಂಬರ್ ಪ್ಲೇಟಿಗೆ ಬರೋಣ. ಹೊಸ ಮೋಟಾರು ವಾಹನ ಕಾಯ್ದೆ 1989ರ ಜುಲೈ 1ರಂದು ಜಾರಿಗೆ ಬರುವ ಮೊದಲು ನಮ್ಮ ವಾಹನಗಳ ಸಂಖ್ಯೆ ಎಂವೈ, ಸಿಎ ಮುಂತಾದ ಅಕ್ಷರಗಳಿಂದ ಶುರುವಾಗುತ್ತಿತ್ತು. ಕೆಎ ಬಂದದ್ದು ಆಮೇಲೆ: ಕೋಲಾರಕ್ಕೆ 07, ಚಿಕ್ಕಬಳ್ಳಾಪುರಕ್ಕೆ 40, ಇನ್ನೂ ತಡವಾಗಿ ಚಿಂತಾಮಣಿಗೆ 67. ಹಳದಿಗಿಂತ ಮುಂಚೆ ಲಾರಿಗಳದ್ದು ಬಿಳಿ ಪ್ಲೇಟು, ಕಪ್ಪು ಅಕ್ಷರ. ಅತಿ ಸುರಕ್ಷಿತ ಪ್ಲೇಟು ಹೊಸ ವಾಹನಗಳಿಗೆ ಕಡ್ಡಾಯವಾದದ್ದು 2019ರ ಏಪ್ರಿಲ್‌ನಿಂದ. ಆಮೇಲೆ ಹಳೆಯ ವಾಹನಗಳಿಗೂ ಹಾಕಿಸಬೇಕೆಂದು ರಾಜ್ಯ ಸರ್ಕಾರ ಆದೇಶಿಸಿತು. ಆದ್ದರಿಂದ ಹೊಸ ಪ್ಲೇಟು ಕಂಡ ಮಾತ್ರಕ್ಕೆ ಲಾರಿ ಹೊಸದಲ್ಲ. ಮಾದರಿಯಲ್ಲಿ ಎಲ್ಲಕ್ಕಿಂತ ತಡವಾಗಿ ಬಂದ ವಸ್ತು ಯಾವುದೋ, ದೃಶ್ಯದ ಇಸವಿ ಅದಕ್ಕಿಂತ ಹಿಂದಿನದಾಗಲು ಸಾಧ್ಯವಿಲ್ಲ.

ಪೇಂಟರನ ಬರಹವಂತೂ ಕಾಲಗಣನೆಗೆ ಹೇಳಿ ಮಾಡಿಸಿದ್ದು. ಬಾಗಿಲ ಮೇಲೆ ‘ಮೈಸೂರು ರಾಜ್ಯ’ ಇದ್ದರೆ ಅದು 1973ರ ನವೆಂಬರ್‌ಗೆ ಹಿಂದಿನ ಬರಹ. ಮಾಲೀಕರ ಹೆಸರಿನ ಕೆಳಗಿನ ಫೋನ್ ಸಂಖ್ಯೆಯಲ್ಲಿ 08156 ಇದ್ದರೆ ಚಿಕ್ಕಬಳ್ಳಾಪುರ, 08155 ಇದ್ದರೆ ಗೌರಿಬಿದನೂರು, 08154 ಇದ್ದರೆ ಚಿಂತಾಮಣಿ, 08158 ಇದ್ದರೆ ಶಿಡ್ಲಘಟ್ಟ. ಮೊಬೈಲ್ ಸೇವೆ ದೇಶಕ್ಕೆ ಬಂದದ್ದೇ 1995ರಲ್ಲಿ. ಹತ್ತಂಕಿಯ ಮೊಬೈಲ್ ಸಂಖ್ಯೆ ಬರೆದ ಲಾರಿಯನ್ನು ಎಂಬತ್ತರ ದಶಕದ ದೃಶ್ಯಕ್ಕೆ ತರಲಾಗದು. ಟೊಮೆಟೊ ಲೋಡಿನ ಪ್ಲಾಸ್ಟಿಕ್ ಕ್ರೇಟಿಗೂ ಇದೇ ಮಾತು: ಬಿದಿರು ಬುಟ್ಟಿ, ಮರದ ಪೆಟ್ಟಿಗೆಗಳ ಕಾಲದ ಚಿಂತಾಮಣಿ ಮಂಡಿಯಲ್ಲಿ ಅದಕ್ಕೆ ಜಾಗವಿಲ್ಲ.

ಇಂದಿನ ಲಾರಿ ಕಟ್ಟುವವರೂ ಎಚ್ಚರದಿಂದ ಇರಬೇಕು. 2020ರ ಏಪ್ರಿಲ್‌ನಿಂದ ಬಿಎಸ್-6 ಹೊಗೆ ನಿಯಮ ಬಂದ ಮೇಲೆ ಹೊಸ ಲಾರಿಗಳ ಡೀಸೆಲ್ ಟ್ಯಾಂಕಿನ ಹತ್ತಿರ ಯೂರಿಯಾ ದ್ರಾವಣದ ಪುಟ್ಟ ಟ್ಯಾಂಕು, ಅದರ ನೀಲಿ ಮುಚ್ಚಳ ಕಾಣಿಸುತ್ತವೆ. ಚಿಕ್ಕಬಳ್ಳಾಪುರದ ಸುತ್ತ ಜಲ್ಲಿ ಹೊರುವ ಹೊಸ ಟಿಪ್ಪರಿನ ಮಾದರಿಯಲ್ಲಿ ಅದನ್ನು ಬಿಟ್ಟರೆ ಇಸವಿ ಹಿಂದಕ್ಕೆ ಸರಿಯುತ್ತದೆ. 2025ರ ಅಕ್ಟೋಬರ್‌ನಿಂದ ತಯಾರಾಗುವ ಮಧ್ಯಮ ಮತ್ತು ಭಾರಿ ಲಾರಿಗಳಿಗೆ ಎ.ಸಿ. ಕ್ಯಾಬಿನ್ ಕಡ್ಡಾಯ.

ಈ ಸೀಮೆಯಲ್ಲಿ ರೈಲಿಗೆ ಸಿಕ್ಕ ಗೌರವ ಲಾರಿಗೆ ಸಿಕ್ಕಿಲ್ಲ. ನ್ಯಾರೋಗೇಜ್ ಕಾಲದ ನಂದಿ ಹಾಲ್ಟ್‌ನಂಥ ನಿಲ್ದಾಣಗಳನ್ನು ಉಳಿಸಲು ಪರಂಪರೆ ಸಂರಕ್ಷಣಾ ಸಂಸ್ಥೆ ಇಂಟ್ಯಾಕ್ ಕೆಲಸ ಮಾಡಿದೆ. ಗೂಡು, ತರಕಾರಿ, ದ್ರಾಕ್ಷಿ, ಕಲ್ಲು ಹೊತ್ತು ಈ ನಾಲ್ಕು ಊರುಗಳ ಬದುಕು ನಡೆಸಿದ ಲಾರಿಗೆ ಒಂದು ಕೋಣೆಯಾದರೂ ಬೇಕು. ವಿಶ್ವೇಶ್ವರಯ್ಯನವರು ಹುಟ್ಟಿದ ಮುದ್ದೇನಹಳ್ಳಿ ಚಿಕ್ಕಬಳ್ಳಾಪುರದ ಪಕ್ಕದಲ್ಲೇ ಇದೆ. ಯಂತ್ರದ ಚರಿತ್ರೆಗೆ ಅದಕ್ಕಿಂತ ತಕ್ಕ ಜಾಗ ಜಿಲ್ಲೆಯಲ್ಲಿ ಇನ್ನೊಂದಿಲ್ಲ.

ಅದಕ್ಕೂ ಮುಂಚೆ ಖರ್ಚಿಲ್ಲದೆ ಆಗಬಹುದಾದ ಕೆಲಸಗಳಿವೆ. ಶಾಲೆ, ಕಾಲೇಜು, ಉತ್ಸವಗಳ ಪ್ರದರ್ಶನ ನಡೆಸುವವರು ಪ್ರತಿ ಮಾದರಿಯ ಜೊತೆ ಚಾಸಿಯ ಇಸವಿ, ಬಾಡಿಯ ಇಸವಿ, ದೃಶ್ಯದ ಇಸವಿ, ಪ್ರಮಾಣ, ನೋಡಿಕೊಂಡ ಫೋಟೊ ಇವಿಷ್ಟನ್ನೂ ಬರೆಯಲೇಬೇಕೆಂದು ನಿಯಮ ಮಾಡಲಿ. ಬಹುಮಾನದ ಅಂಕಗಳಲ್ಲಿ ಇದಕ್ಕೂ ಪಾಲಿರಲಿ. ಪಾಲಿಟೆಕ್ನಿಕ್ ವಿದ್ಯಾರ್ಥಿಗಳು ಬಾಡಿ ಶೆಡ್ಡಿನ ಹಿರಿಯರನ್ನು ಮಾತಾಡಿಸಿ ಅಳತೆ, ಮರದ ಜೋಡಣೆ, ಬಣ್ಣ ದಾಖಲಿಸಲಿ. 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ ನವೀಕರಣ 2023ರ ಏಪ್ರಿಲ್‌ನಿಂದ ನಿಂತಿದೆ. ಜಿಲ್ಲಾಡಳಿತ ಅವುಗಳಿಂದಲೇ ಆರಂಭಿಸಬಹುದು: ಗ್ಯಾಸ್ ಕಟರ್ ಹಚ್ಚುವ ಮೊದಲು ಪ್ರತಿ ಲಾರಿಯ ನಾಲ್ಕೂ ಬದಿಯ ಫೋಟೊ, ವೀಲ್‌ಬೇಸು, ಕ್ಯಾಬಿನ್ನಿನ ಎತ್ತರ, ಬಾಗಿಲ ಬರಹ ಒಂದು ಕಡತಕ್ಕೆ ಸೇರಲಿ, ಆ ಕಡತ ಜಿಲ್ಲಾ ಗ್ರಂಥಾಲಯದಲ್ಲಿ ಕೇಳಿದವರ ಕೈಗೆ ಸಿಗಲಿ.