ಬಿಸಿಲು ಧಾರಾಳ, ನಿಯಮ ಸರಳ. ಚಾವಣಿ ಸೌರವಿದ್ಯುತ್ತಿಗೆ ತೊಡಕೇನು?

ಯಾದಗಿರಿ, ಶಹಾಪುರ ಮತ್ತು ಸುರಪುರ ಪಟ್ಟಣಗಳಲ್ಲಿ ಬೇಸಿಗೆಯ ತಾಪಮಾನ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಹೊಸತೇನಲ್ಲ. ಮನೆಯ ಚಾವಣಿಯಲ್ಲೇ ವಿದ್ಯುತ್ ಉತ್ಪಾದಿಸಲು ಇದಕ್ಕಿಂತ ಅನುಕೂಲಕರ ಪ್ರದೇಶ ಬೇಕೇ? ಆದರೆ ಬಿಸಿಲಿದ್ದ ಮಾತ್ರಕ್ಕೆ ಯೋಜನೆ ಕೈಗೂಡದು.

ನಿಯಮಗಳ ಮಟ್ಟಿಗೆ ಹಾದಿ ಸುಗಮವಾಗಿದೆ. 2024ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳಿಗೆ ತಿದ್ದುಪಡಿ ತಂದು, 10 ಕಿಲೋವಾಟ್‌ವರೆಗಿನ ಘಟಕಗಳಿಗೆ ತಾಂತ್ರಿಕ ಪರಿಶೀಲನೆಯಿಂದ ವಿನಾಯಿತಿ ನೀಡಿತು. ಅದೇ ತಿಂಗಳು ಆರಂಭವಾದ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯಡಿ 1 ಕಿಲೋವಾಟ್‌ಗೆ 30 ಸಾವಿರ, 2 ಕಿಲೋವಾಟ್‌ಗೆ 60 ಸಾವಿರ, 3 ಕಿಲೋವಾಟ್ ಮತ್ತು ಅದಕ್ಕೂ ಮೇಲ್ಪಟ್ಟ ಘಟಕಕ್ಕೆ 78 ಸಾವಿರ ರೂಪಾಯಿ ಸಹಾಯಧನ ನಿಗದಿಯಾಯಿತು. ರಾಷ್ಟ್ರೀಯ ಪೋರ್ಟಲ್‌ನಲ್ಲಿ ಅರ್ಜಿ, ನೋಂದಾಯಿತ ಸಂಸ್ಥೆಯಿಂದಲೇ ಅಳವಡಿಕೆ, ದೇಶದಲ್ಲೇ ತಯಾರಾದ ಫಲಕಗಳ ಬಳಕೆ ಇದರ ಮುಖ್ಯ ಷರತ್ತುಗಳು. ಮನೆಗೆ ಬಂದ ಹಾಗೂ ಮನೆಯಿಂದ ಹೋದ ವಿದ್ಯುತ್ತನ್ನು ಅಳೆಯುವ ಮೀಟರ್ ಅಳವಡಿಕೆ ಜೆಸ್ಕಾಂ ವ್ಯಾಪ್ತಿಗೆ ಸೇರಿದ್ದು.

ತೊಡಕಿರುವುದು ಬೇರೆಡೆ. ರಾಜ್ಯದಲ್ಲಿ 2023ರಲ್ಲಿ ಗೃಹಜ್ಯೋತಿ ಯೋಜನೆ ಜಾರಿಗೆ ಬಂತು. ಶೂನ್ಯ ಬಿಲ್ ಪಡೆಯುವ ಕುಟುಂಬ ಸಾಲ ಮಾಡಿ ಫಲಕ ಹಾಕಿಸುವುದಾದರೂ ಏಕೆ? ನಿಜವಾದ ಲಾಭ ತಿಂಗಳಿಗೆ 200 ಯೂನಿಟ್ ಮೀರಿ ಬಳಸಿ, ಪೂರ್ತಿ ಬಿಲ್ ಕಟ್ಟುವವರಿಗೆ. 3 ಕಿಲೋವಾಟ್ ಘಟಕ ತಿಂಗಳಿಗೆ ಸುಮಾರು 300 ಯೂನಿಟ್ ನೀಡಬಲ್ಲದು. ಅದಕ್ಕೆ ನೆರಳಿಲ್ಲದ ಸುಮಾರು 300 ಚದರ ಅಡಿ ಜಾಗ ಬೇಕು. ಹಳೆಯ ಮಣ್ಣಿನ ಮಾಳಿಗೆಯಾದರೆ ಅದು ಭಾರ ತಾಳೀತೇ ಎಂಬುದನ್ನೂ ಮೊದಲೇ ಪರೀಕ್ಷಿಸಬೇಕು.

ಎರಡನೆಯದು ದಾಖಲೆಯ ಸಮಸ್ಯೆ. ಅರ್ಜಿದಾರರ ಹೆಸರು ವಿದ್ಯುತ್ ಬಿಲ್‌ನಲ್ಲಿರುವ ಹೆಸರಿಗೆ ತಾಳೆಯಾಗಬೇಕು. ಗತಿಸಿದ ತಾತನ ಹೆಸರಿನಲ್ಲೇ ಮೀಟರ್ ಉಳಿದಿರುವುದು ನಮ್ಮ ಅವಿಭಕ್ತ ಕುಟುಂಬಗಳಲ್ಲಿ ಅಪರೂಪವೇನಲ್ಲ. ಅಣ್ಣತಮ್ಮಂದಿರ ನಡುವೆ ಆಸ್ತಿ ಪಾಲಾಗದಿದ್ದರಂತೂ ಹೆಸರು ಬದಲಾವಣೆಯೇ ದೊಡ್ಡ ಕೆಲಸ.

ಮೂರನೆಯದು ತಪ್ಪು ತಿಳಿವಳಿಕೆ. ಬ್ಯಾಟರಿಯಿಲ್ಲದ, ಗ್ರಿಡ್‌ಗೆ ಜೋಡಿಸಿದ ಘಟಕ ಕರೆಂಟ್ ಹೋದಾಗ ತಾನೂ ಸ್ಥಗಿತಗೊಳ್ಳುತ್ತದೆ. ತಂತಿ ದುರಸ್ತಿ ಮಾಡುವ ಲೈನ್‌ಮನ್‌ಗಳ ಪ್ರಾಣರಕ್ಷಣೆಗೆ ಈ ಏರ್ಪಾಡು ಅನಿವಾರ್ಯ. ಇದನ್ನು ಮೊದಲೇ ತಿಳಿಸದಿದ್ದರೆ ಹಣ ಹಾಕಿದ ಗ್ರಾಹಕ ಮೋಸಹೋದೆನೆಂದೇ ಭಾವಿಸುತ್ತಾನೆ.

ಆದ್ದರಿಂದ ಈಗ ಬೇಕಿರುವುದು ಇನ್ನೊಂದು ಪ್ರಚಾರ ಜಾಥಾ ಅಲ್ಲ. 200 ಯೂನಿಟ್ ಮೀರುವ ಗ್ರಾಹಕರನ್ನು ಗುರುತಿಸಿ, ಮೂರೂ ಪಟ್ಟಣಗಳಲ್ಲಿ ಹೆಸರು ಬದಲಾವಣೆಗೆ ಜೆಸ್ಕಾಂ ಅದಾಲತ್ ನಡೆಸಲಿ. ಮಾಳಿಗೆಯ ಬಿಸಿಲು ಬೆಳಕಾಗುವ ದಾರಿ ಕಚೇರಿಯ ಕಡತದ ಮೂಲಕವೇ ಹಾದುಹೋಗುತ್ತದೆ.