ಕಲ್ಯಾಣದಿಂದ ಉಳವಿಗೆ

ಮದುವೆಯಾದ ವಾರದಲ್ಲೇ ಮಗ-ಸೊಸೆ ಕಾರಿನಲ್ಲಿ ಹೊರಟದ್ದು ಬಸವಕಲ್ಯಾಣಕ್ಕೆ! ಜುಫೈರ್‌ನ ಗೆಳತಿಯರು ನಕ್ಕರು. ನನಗೆ ನಗು ಬರಲಿಲ್ಲ. ಜಾತಿ ಬೇರೆಯೆಂದು ಈ ವಿವಾಹವನ್ನು ಎರಡು ವರ್ಷ ತಡೆದವಳು ನಾನೇ.

12ನೆಯ ಶತಮಾನದಲ್ಲಿ ಅದೇ ಕಲ್ಯಾಣದಲ್ಲಿ ಸಮಗಾರ ಹರಳಯ್ಯನವರ ಮಗನಿಗೂ ಬ್ರಾಹ್ಮಣ ಮಧುವರಸರ ಮಗಳಿಗೂ ವಿವಾಹವಾಯಿತೆಂದೂ, ಅದಕ್ಕಾಗಿ ತಂದೆಯರಿಬ್ಬರೂ ಪ್ರಾಣ ತೆತ್ತರೆಂದೂ ಪ್ರತೀತಿ. ಶರಣರು ಚದುರಿದರು, ಚನ್ನಬಸವಣ್ಣನವರು ವಚನದ ಕಟ್ಟುಗಳೊಡನೆ ಉತ್ತರ ಕನ್ನಡದ ಉಳವಿಯ ಕಾಡನ್ನು ಸೇರಿದರಂತೆ. ಮಕ್ಕಳೂ ಕೃಷ್ಣಾ-ಮಲಪ್ರಭೆಯರು ಕೂಡುವ ಕೂಡಲಸಂಗಮವನ್ನು ಕಂಡು ಅಲ್ಲಿಗೇ ಸಾಗಿದರು.

"ಅತ್ತೆ, ನಿಮ್ಮ ಹೆಸರಿನಲ್ಲೂ ಪೂಜೆ ಮಾಡಿಸಿದೆವು," ಎಂದಳು ಸೊಸೆ ದೂರವಾಣಿಯಲ್ಲಿ. ಬಿ.ಎ. ತರಗತಿಯಲ್ಲಿ ವಚನಗಳನ್ನು ಓದಿ ಅಂಕ ಗಳಿಸಿದ್ದ ನನಗೆ ಅಂದು ಮಾತೇ ಹೊರಡಲಿಲ್ಲ.

ಸಹೃದಯರೇ, ಮುಂದಿನ ರಜೆಯಲ್ಲಿ ನಿಮ್ಮ ಮಕ್ಕಳನ್ನೂ ಆ ಹಾದಿಯಲ್ಲಿ ಕರೆದೊಯ್ಯಿರಿ.